ಕಾಗದ, ರಟ್ಟು, ಪ್ಯಾಕಿಂಗ್: ಕಸದ ಬುಟ್ಟಿ ತಲುಪುವ ಮೊದಲೇ ಕಡಿಮೆ ಮಾಡುವುದು ಹೇಗೆ

ಮೊದಲು ಒಂದು ಚಿಕ್ಕ ಪ್ರಯೋಗ. ಬಳಸಿದ ಕಾಗದದ ಲೋಟ ಒಂದನ್ನು ತಗೊಂಡು ನೀರಿನಲ್ಲಿ ರಾತ್ರಿಯಿಡೀ ಮುಳುಗಿಸಿಡಿ. ಬೆಳಿಗ್ಗೆ ಅಂಚು ಬಿಡಿಸಿ, ಹೊರಗಿನ ಕಾಗದವನ್ನು ಹೆಬ್ಬೆರಳಿನಿಂದ ಉಜ್ಜಿ. ಕಾಗದ ಮೆತ್ತಗಾಗಿ ಉಂಡೆ ಉಂಡೆಯಾಗಿ ಉದುರುತ್ತದೆ. ಕೊನೆಗೆ ಕೈಯಲ್ಲಿ ಉಳಿಯುವುದು ಹಾವಿನ ಪೊರೆಯಂಥ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ.

ಮೊದಲ ಸಲ ಇದನ್ನು ಮಾಡಿದಾಗ ನಾನು ಪೆಚ್ಚಾದೆ. ಯಾಕಂದರೆ ‘ಪ್ಲಾಸ್ಟಿಕ್ ಬೇಡ, ಕಾಗದದ್ದೇ ಕೊಡಿ’ ಅಂತ ಕೇಳಿ ತಗೊಂಡು, ಭೂಮಿಗೆ ಏನೋ ದೊಡ್ಡ ಉಪಕಾರ ಮಾಡಿದವನ ಹಾಗೆ ವರ್ಷಗಟ್ಟಲೆ ಬೀಗಿದವನು ನಾನು. ಲೋಟದ ತೂಕದಲ್ಲಿ ಪ್ಲಾಸ್ಟಿಕ್ ಇರುವುದು ಶೇ. 5ರಿಂದ 10ರಷ್ಟು ಮಾತ್ರ. ಆದರೆ ಮಾಮೂಲಿ ರದ್ದಿಯ ಜೊತೆ ಅದನ್ನು ಅರೆಯಲು ಆಗದಂತೆ ಮಾಡಲು ಅಷ್ಟೇ ಸಾಕು.

ಕಾಗದವೇನೂ ಪುಕ್ಕಟೆ ಬರುವುದಿಲ್ಲ. ಮರವನ್ನು ರಾಸಾಯನಿಕದಲ್ಲಿ ಬೇಯಿಸಿ ತಿರುಳು ಮಾಡಿದಾಗ ಮರದ ಒಣತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಮಾತ್ರ ನಾರಾಗಿ ಸಿಗುತ್ತದೆ. ಉಳಿದದ್ದನ್ನು ಕಾರ್ಖಾನೆಯವರು ಉರಿಸಿ ಶಕ್ತಿ ತೆಗೆಯುತ್ತಾರೆ ನಿಜ, ಆದರೂ ಒಂದು ಕೆಜಿ ಕಾಗದದ ಹಿಂದೆ ಎರಡು ಕೆಜಿ ಮರ ಇದೆ ಅನ್ನುವುದನ್ನು ತಲೆಯಲ್ಲಿ ಇಟ್ಟುಕೊಳ್ಳಿ. ಅದರ ಜೊತೆಗೆ ನೀರು ಬೇಕು, ಹಬೆ ಬೇಕು, ಬಿಳುಪು ಬರಿಸುವ ರಾಸಾಯನಿಕಗಳೂ ಬೇಕು. ಹಾಗಾಗಿ ‘ಕಾಗದವೋ ಪ್ಲಾಸ್ಟಿಕ್ಕೋ’ ಅನ್ನುವ ಜಗಳಕ್ಕಿಂತ ‘ಎಷ್ಟು ತಗೊಂಡೆ, ಎಷ್ಟು ಸಲ ಬಳಸಿದೆ’ ಅನ್ನುವ ಲೆಕ್ಕವೇ ದೊಡ್ಡದು. ಮುಂದೆ ಹೇಳುವುದೆಲ್ಲ ಆ ಲೆಕ್ಕದ ಸುತ್ತಲೇ ಇದೆ.

ಹೆಜ್ಜೆ 1: ಒಂದು ವಾರ ಏನನ್ನೂ ಎಸೆಯಬೇಡಿ

ಮನೆಯ ಮೂಲೆಯಲ್ಲಿ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ಇಡಿ. ಏಳು ದಿನ, ಕಾಗದ ಮತ್ತು ಪ್ಯಾಕಿಂಗ್ ಅನ್ನಿಸಿಕೊಂಡದ್ದೆಲ್ಲ ಅದರೊಳಗೆ ಬೀಳಲಿ. ಬಿಲ್ಲು, ಲಕೋಟೆ, ಕವರು, ಟೇಪಿನ ಉಂಡೆ, ಬಟ್ಟೆಗೆ ನೇತುಹಾಕಿದ ಬೆಲೆ ಚೀಟಿ, ಯಾವುದನ್ನೂ ಬಿಡಬೇಡಿ. ಊಟ ತಿಂಡಿ ಹತ್ತಿದ್ದರೆ ತೊಳೆದು ಒಣಗಿಸಿ ಹಾಕಿ, ಇಲ್ಲದಿದ್ದರೆ ಮೂರನೇ ದಿನಕ್ಕೆ ಮನೆಯವರೇ ಪೆಟ್ಟಿಗೆಯನ್ನೂ ನಿಮ್ಮನ್ನೂ ಹೊರಗೆ ಹಾಕುತ್ತಾರೆ.

ಎಂಟನೇ ದಿನ ಎಲ್ಲವನ್ನೂ ನೆಲದ ಮೇಲೆ ಸುರಿದು ನಾಲ್ಕು ಗುಡ್ಡೆ ಮಾಡಿ. ಬರೆದ ಅಥವಾ ಪ್ರಿಂಟ್ ಆದ ಕಾಗದ ಒಂದು ಕಡೆ, ರಟ್ಟು ಒಂದು ಕಡೆ, ತೆಳು ಕವರುಗಳು ಇನ್ನೊಂದು ಕಡೆ. ನಾಲ್ಕನೆಯದು ‘ಇದು ಯಾವುದರಿಂದ ಮಾಡಿದ್ದು ಅಂತಲೇ ಗೊತ್ತಿಲ್ಲ’ ಅನ್ನುವ ಗುಡ್ಡೆ. ತೂಕ ನೋಡಬೇಕಾಗಿಲ್ಲ, ಕಣ್ಣಂದಾಜು ಸಾಕು. ನನ್ನ ಮನೆಯಲ್ಲಿ ಹಳೆಯ ಪೇಪರೇ ಜಾಸ್ತಿ ಇರುತ್ತದೆ ಅಂತ ನಾನು ತಿಳಿದಿದ್ದೆ. ನೋಡಿದರೆ ಅದು ಎರಡನೇ ಸ್ಥಾನದಲ್ಲೂ ಇರಲಿಲ್ಲ. ಪೆಟ್ಟಿಗೆಯೊಳಗಿನ ಪೆಟ್ಟಿಗೆಗಳು ಮೊದಲು, ಆಮೇಲೆ ತೆಳು ಕವರು.

ಈ ಹೆಜ್ಜೆಯನ್ನು ದಾಟಿ ಮುಂದಕ್ಕೆ ಹೋಗುವವರೇ ಜಾಸ್ತಿ. ಹೋಗಬೇಡಿ. ನಿಮ್ಮ ದೊಡ್ಡ ಗುಡ್ಡೆ ಯಾವುದೋ ಅಲ್ಲಿಂದಲೇ ಕೆಲಸ ಶುರು ಮಾಡಬೇಕು. ಮನೆಯಲ್ಲಿ ಪ್ರಿಂಟರೇ ಇಲ್ಲದವರು ಪ್ರಿಂಟಿಂಗ್ ಸಲಹೆ ಓದಿ ಏನು ಪ್ರಯೋಜನ ಅಲ್ವಾ?

ಹೆಜ್ಜೆ 2: ಪ್ರಿಂಟರ್ ಇರುವವರಿಗೆ ಮಾತ್ರ

ಕಾಗದದ ಅಳತೆಯಲ್ಲಿ ಒಂದು ಚಂದದ ಲೆಕ್ಕ ಇದೆ. ಎ0 ಹಾಳೆ ಅಂದರೆ ಸರಿಯಾಗಿ ಒಂದು ಚದರ ಮೀಟರ್. ಅದನ್ನು 16 ಪಾಲು ಮಾಡಿದರೆ ಒಂದು ಎ4. ರೀಮಿನ ಮೇಲೆ 80 ಜಿಎಸ್‌ಎಂ ಅಂತ ಬರೆದಿದ್ದರೆ ಒಂದು ಚದರ ಮೀಟರ್ ಕಾಗದ 80 ಗ್ರಾಂ ತೂಗುತ್ತದೆ ಅಂತ ಅರ್ಥ. ಅಂದರೆ ಒಂದು ಎ4 ಹಾಳೆ 5 ಗ್ರಾಂ, 500 ಹಾಳೆಯ ರೀಮು ಎರಡೂವರೆ ಕೆಜಿ.

ದಿನಕ್ಕೆ 20 ಹಾಳೆ ಪ್ರಿಂಟ್ ಮಾಡುವವರು ವರ್ಷದ 250 ಕೆಲಸದ ದಿನಗಳಲ್ಲಿ 25 ಕೆಜಿ ಕಾಗದ ಮುಗಿಸುತ್ತಾರೆ. ಎರಡೂ ಮಗ್ಗುಲು ಪ್ರಿಂಟ್ ಆಗುವ ಹಾಗೆ ಸೆಟ್ಟಿಂಗ್ ಬದಲಾಯಿಸಿದರೆ ಅದರಲ್ಲಿ ಅರ್ಧ ಉಳಿಯಿತು. ಇದನ್ನು ಪ್ರತಿ ಸಲ ನೆನಪಿಟ್ಟು ಮಾಡಲು ಹೋದರೆ ಆಗುವುದಿಲ್ಲ. ಪ್ರಿಂಟರ್ ಸೆಟ್ಟಿಂಗ್‌ನಲ್ಲಿ ಒಮ್ಮೆ ಡೀಫಾಲ್ಟ್ ಮಾಡಿಟ್ಟು ಮರೆತುಬಿಡಿ. ಅಲ್ಲೇ ಇರುವ ಕಪ್ಪು-ಬಿಳುಪು, ಡ್ರಾಫ್ಟ್ ಗುಣಮಟ್ಟ ಇವೆರಡನ್ನೂ ಡೀಫಾಲ್ಟ್ ಮಾಡಿ. ಮನೆ ಬಳಕೆಗೆ 70 ಜಿಎಸ್‌ಎಂ ಕಾಗದ ಸಾಕು, ಅಲ್ಲಿ ಇನ್ನೊಂದು ಎಂಟನೇ ಒಂದು ಪಾಲು ಉಳಿಯುತ್ತದೆ. ಆದರೆ ತೀರಾ ತೆಳುವಾದರೆ ಕೆಲವು ಪ್ರಿಂಟರ್‌ಗಳಲ್ಲಿ ಸಿಕ್ಕಿಕೊಂಡು ಹಾಳೆ ಹಾಳಾಗುತ್ತದೆ, ಅದಕ್ಕೆ ಮೊದಲು ಒಂದು ರೀಮು ತಂದು ನೋಡಿ.

ಪ್ರಿಂಟ್ ಒತ್ತುವ ಮೊದಲು ಪ್ರಿವ್ಯೂ ನೋಡುವ ಅಭ್ಯಾಸ ಮಾಡಿಕೊಳ್ಳಿ. ವೆಬ್ ಪುಟಗಳನ್ನು ಪ್ರಿಂಟ್ ಮಾಡುವಾಗ ಕೊನೆಯ ಎರಡು ಹಾಳೆಯಲ್ಲಿ ಬರೀ ಜಾಹೀರಾತು, ಒಂದು ಸಾಲಿನ ಅಡಿಟಿಪ್ಪಣಿ ಬಂದು ಕೂತಿರುತ್ತದೆ.

ಹೆಜ್ಜೆ 3: ಮನೆಗೆ ಬರುವ ಮುಂಚೆ ತಡೆಯಿರಿ

ಒಂದು ಘನಾಕಾರದ ಡಬ್ಬ ಅಂದುಕೊಳ್ಳಿ, ಪ್ರತಿ ಬದಿ 10 ಸೆಂ.ಮೀ. ಒಳಗೆ ಒಂದು ಲೀಟರ್ ಹಿಡಿಯುತ್ತದೆ. ಹೊರಮೈ 600 ಚದರ ಸೆಂ.ಮೀ. ಅದೇ ಒಂದು ಲೀಟರನ್ನು 5 ಸೆಂ.ಮೀ. ಬದಿಯ ಎಂಟು ಪುಟ್ಟ ಡಬ್ಬಗಳಲ್ಲಿ ತುಂಬಿದರೆ ಹೊರಮೈ ಒಟ್ಟು 1200 ಚದರ ಸೆಂ.ಮೀ. ಒಳಗಿನ ಮಾಲು ಅಷ್ಟೇ, ಸುತ್ತಿದ್ದು ಮಾತ್ರ ಎರಡರಷ್ಟು. ಒಂದೊಂದು ಸಲಕ್ಕೆ ಆಗುವಷ್ಟು ಮಾತ್ರ ಇರುವ ಪುಟ್ಟ ಪ್ಯಾಕೆಟ್‌ಗಳಿಗೆ ಬಂದರೆ ಈ ಲೆಕ್ಕ ಕೈಮೀರಿ ಹೋಗುತ್ತದೆ. ಅದಕ್ಕೇ ದಿನಾ ಬೇಕಾಗುವ, ಕೆಡದ ಸಾಮಾನನ್ನು ದೊಡ್ಡ ಪ್ಯಾಕಿನಲ್ಲಿ ಕೊಳ್ಳಿ. ಮರುತುಂಬಿಸುವ ವ್ಯವಸ್ಥೆ ಇದ್ದರೆ ಇನ್ನೂ ಒಳ್ಳೆಯದು. ನೀರು ಬೆರೆಸಿ ಬಳಸುವ ಗಟ್ಟಿ ದ್ರಾವಣ ಸಿಕ್ಕಿದರೆ ಬಾಟಲಿಯ ಜೊತೆಗೆ ನೀರನ್ನು ಲಾರಿಯಲ್ಲಿ ಹೊತ್ತು ತರುವ ಖರ್ಚೂ ತಪ್ಪುತ್ತದೆ.

ಆದರೆ ಇಲ್ಲೊಂದು ಕೊಕ್ಕೆ ಇದೆ. ಒಮ್ಮೆ ಈ ಲೆಕ್ಕವನ್ನೇ ನಂಬಿಕೊಂಡು ಅಂಟಿನ ದೊಡ್ಡ ಡಬ್ಬ ತಂದೆ. ಕಾಲು ಭಾಗ ಖರ್ಚಾಗಿತ್ತೋ ಏನೋ, ಉಳಿದದ್ದು ಒಣಗಿ ಕಲ್ಲಾಯಿತು. ಡಬ್ಬ ಉಳಿಸಲು ಹೋಗಿ ಅಂಟೇ ಹಾಳು. ತಿನ್ನುವ ಪದಾರ್ಥದಲ್ಲಂತೂ ಈ ತಪ್ಪು ಇನ್ನೂ ದುಬಾರಿ, ಯಾಕಂದರೆ ಬೆಳೆಯುವುದಕ್ಕೆ, ಸಾಗಿಸುವುದಕ್ಕೆ, ತಣ್ಣಗಿಡುವುದಕ್ಕೆ ಆದ ಖರ್ಚಿನ ಮುಂದೆ ಸುತ್ತಿದ ಕವರಿನದು ಸಾಮಾನ್ಯವಾಗಿ ಸಣ್ಣ ಪಾಲು. ಒಂದು ತೆಳು ಕವರು ಪದಾರ್ಥವನ್ನು ನಾಲ್ಕು ದಿನ ಜಾಸ್ತಿ ಕಾಪಾಡುತ್ತದೆ ಅಂದರೆ ಆ ಕವರಿನ ಮೇಲೆ ಸುಮ್ನೆ ಸಿಟ್ಟಾಗಬೇಡಿ. ಮುಗಿಸುವಷ್ಟು ಮಾತ್ರ ಕೊಳ್ಳಿ.

ಪಾರ್ಸೆಲ್ ವಿಷಯಕ್ಕೆ ಬರೋಣ. ದಿನಕ್ಕೊಂದು ಆರ್ಡರ್ ಹಾಕುವ ಬದಲು ಪಟ್ಟಿ ಮಾಡಿಟ್ಟು ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಹಾಕಿ. ‘ಎಲ್ಲ ಒಟ್ಟಿಗೆ ಕಳಿಸಿ’ ಅನ್ನುವ ಆಯ್ಕೆ ಇದ್ದರೆ ಅದನ್ನೇ ಒತ್ತಿ. ಪಟ್ಟಿಯಲ್ಲಿ ನಾಲ್ಕು ದಿನ ಕೂತ ಮೇಲೆ ಅರ್ಧ ಸಾಮಾನು ಬೇಡವೇ ಬೇಡ ಅನ್ನಿಸುತ್ತದೆ, ಅದು ಬೇರೆ ಮಾತು. ನನಗೊಮ್ಮೆ ಹೆಬ್ಬೆರಳಿನಷ್ಟು ದೊಡ್ಡ ಪೆನ್‌ಡ್ರೈವ್ ಒಂದು ಶೂ ಹಿಡಿಸುವ ಪೆಟ್ಟಿಗೆಯಲ್ಲಿ ಬಂದಿತ್ತು, ಉಳಿದ ಜಾಗಕ್ಕೆಲ್ಲ ಗಾಳಿ ತುಂಬಿದ ದಿಂಬುಗಳು. ಕಳಿಸಿದವರಿಗೆ ಅದರ ಫೋಟೊ ತೆಗೆದು ಎರಡು ಸಾಲು ಬರೆದೆ. ಉತ್ತರವೇನೂ ಬರಲಿಲ್ಲ. ಆದರೂ ಬರೆಯಿರಿ. ಮಾರುವವರಿಗೂ ಖಾಲಿ ಜಾಗ ನಷ್ಟವೇ, ಸಾಗಣೆಯವರು ಎಷ್ಟೋ ಕಡೆ ಪೆಟ್ಟಿಗೆಯ ಗಾತ್ರ ನೋಡಿಯೇ ದುಡ್ಡು ಹಾಕುತ್ತಾರೆ.

ಇನ್ನು ಚೀಲ. ಬ್ರಿಟನ್ನಿನ ಪರಿಸರ ಸಂಸ್ಥೆ 2011ರಲ್ಲಿ ಒಂದು ಲೆಕ್ಕ ಪ್ರಕಟಿಸಿತು. ಒಂದೇ ಸಲ ಬಳಸಿ ಎಸೆಯುವ ತೆಳು ಪ್ಲಾಸ್ಟಿಕ್ ಚೀಲದಷ್ಟು ಕಡಿಮೆ ಹವಾಮಾನ ಪರಿಣಾಮಕ್ಕೆ ಇಳಿಯಬೇಕಾದರೆ ಕಾಗದದ ಚೀಲವನ್ನು 3 ಸಲ, ದಪ್ಪ ಪ್ಲಾಸ್ಟಿಕ್ ಚೀಲವನ್ನು 4 ಸಲ, ಬಟ್ಟೆಯಂತೆ ಕಾಣುವ, ನೇಯದ ಪಾಲಿಪ್ರೊಪಿಲೀನ್ (ಅದೂ ಒಂದು ಬಗೆಯ ಪ್ಲಾಸ್ಟಿಕ್ಕೇ) ಚೀಲವನ್ನು 11 ಸಲ, ಹತ್ತಿಯ ಚೀಲವನ್ನು 131 ಸಲ ಬಳಸಬೇಕು. ಇದು ಬಿಸಿ ಏರಿಸುವ ಅನಿಲಗಳ ಲೆಕ್ಕ ಮಾತ್ರ, ಚರಂಡಿಯಲ್ಲಿ ಕಟ್ಟಿಕೊಳ್ಳುವ, ಸಮುದ್ರ ಸೇರುವ ಪ್ಲಾಸ್ಟಿಕ್ಕಿನ ಕಥೆ ಇದರಲ್ಲಿ ಇಲ್ಲ. ಇಷ್ಟು ಓದಿ ಬಟ್ಟೆ ಚೀಲ ಬಿಡಬೇಕು ಅಂತ ತೀರ್ಮಾನಿಸಬೇಡಿ. ಬಾಗಿಲ ಹಿಂದೆ ನೇತಾಡುತ್ತಿರುವ ಹಳೆಯ ಚೀಲವನ್ನೇ ಹರಿಯುವ ತನಕ ಬಳಸಿ, ಹರಿದರೆ ಹೊಲಿಯಿರಿ. ಕಾರ್ಯಕ್ರಮದಲ್ಲಿ ಪುಕ್ಕಟೆ ಕೊಟ್ಟರೆಂದು ಹನ್ನೊಂದನೇ ಹತ್ತಿ ಚೀಲ ಮನೆಗೆ ತರಬೇಡಿ.

ಹೆಜ್ಜೆ 4: ಗುರುತುಗಳನ್ನು ಓದುವುದು ಕಲಿಯಿರಿ

ಬಾಣಗಳು ಒಂದನ್ನೊಂದು ಹಿಂಬಾಲಿಸುವ ಆ ತ್ರಿಕೋನವನ್ನು 1970ರಲ್ಲಿ ಗ್ಯಾರಿ ಆ್ಯಂಡರ್ಸನ್ ಅನ್ನುವ ವಿದ್ಯಾರ್ಥಿ ಅಮೆರಿಕದ ಒಂದು ರಟ್ಟಿನ ಕಂಪನಿ ನಡೆಸಿದ ಸ್ಪರ್ಧೆಗಾಗಿ ಬರೆದದ್ದು. 1988ರಲ್ಲಿ ಪ್ಲಾಸ್ಟಿಕ್ ಉದ್ಯಮದವರು ಅಂಥದ್ದೇ ತ್ರಿಕೋನದೊಳಗೆ 1ರಿಂದ 7ರ ತನಕ ಅಂಕಿ ಹಾಕಿದರು. ಅಲ್ಲಿಂದ ಗೊಂದಲ ಶುರು. ಆ ಅಂಕಿ ಹೇಳುವುದು ‘ಇದು ಯಾವ ಜಾತಿಯ ಪ್ಲಾಸ್ಟಿಕ್’ ಅಂತ ಮಾತ್ರ. ಮರುಬಳಕೆ ಆಗುತ್ತದೆ ಅನ್ನುವ ಭರವಸೆ ಅದರಲ್ಲಿ ಇಲ್ಲ. 1 (ನೀರಿನ ಬಾಟಲಿ) ಮತ್ತು 2 (ಗಟ್ಟಿ ಕ್ಯಾನು) ಸುಲಭವಾಗಿ ಹೋಗುತ್ತವೆ, 5 ಕೆಲವು ಕಡೆ ಹೋಗುತ್ತದೆ. 3, 6, 7 ಹೆಚ್ಚಾಗಿ ಬುಟ್ಟಿಯ ಪಾಲು, ಅವನ್ನು ಕೊಳ್ಳುವಾಗಲೇ ಬಿಡಿ. ಕಪ್ಪು ಪ್ಲಾಸ್ಟಿಕ್ ತಟ್ಟೆ ಡಬ್ಬಗಳನ್ನೂ ಅಷ್ಟೇ. ಯಂತ್ರದಲ್ಲಿ ಬೇರ್ಪಡಿಸುವ ಕಡೆ ಅವಗೆಂಪು ಬೆಳಕು ಹಾಯಿಸಿ ಪ್ಲಾಸ್ಟಿಕ್ಕಿನ ಜಾತಿ ಗುರುತಿಸುತ್ತಾರೆ, ಕಪ್ಪು ಬಣ್ಣದ ಇಂಗಾಲ ಆ ಬೆಳಕನ್ನು ನುಂಗಿಬಿಡುತ್ತದೆ.

ಕಾಗದದ ಮೇಲೆ ಎಫ್‌ಎಸ್‌ಸಿ (ಕಾಡನ್ನು ಜವಾಬ್ದಾರಿಯಿಂದ ನೋಡಿಕೊಂಡಿದ್ದಾರೆ ಅಂತ ಪ್ರಮಾಣ ಕೊಡುವ ಸಂಸ್ಥೆ) ಗುರುತು ಇದ್ದರೆ ಅದರಲ್ಲೇ ಮೂರು ಬಗೆ ಇದೆ. ‘100%’ ಅಂದರೆ ಪೂರ್ತಿ ಪ್ರಮಾಣಿತ ಕಾಡಿನ ಮರ, ‘ರೀಸೈಕಲ್ಡ್’ ಅಂದರೆ ಬಳಸಿದ ಕಾಗದದ ನಾರು, ‘ಮಿಕ್ಸ್’ ಅಂದರೆ ಹೆಸರೇ ಹೇಳುವ ಹಾಗೆ ಬೆರಕೆ. ನೋಟ್‌ಬುಕ್ಕು, ಲಕೋಟೆ, ಟಿಶ್ಯೂ ಕೊಳ್ಳುವಾಗ ನನ್ನ ಕೈ ಹೋಗುವುದು ರೀಸೈಕಲ್ಡ್ ಕಡೆಗೆ. ಟಿಶ್ಯೂ ವಿಷಯದಲ್ಲಂತೂ ಇದು ಮುಖ್ಯ. ಒಮ್ಮೆ ಒರೆಸಿ ಎಸೆಯುವುದಕ್ಕೆ ಹೊಸ ಮರದ ನಾರು ಯಾಕೆ ಬೇಕು?

‘ಬಯೋಡಿಗ್ರೇಡಬಲ್’ ಅನ್ನುವ ಪದ ಕಂಡರೆ ಹುಬ್ಬೇರಿಸಿ. ಎಲ್ಲಿ, ಎಷ್ಟು ದಿನದಲ್ಲಿ ಕರಗುತ್ತದೆ ಅಂತ ಹೇಳದಿದ್ದರೆ ಆ ಪದಕ್ಕೆ ಬೆಲೆ ಇಲ್ಲ. ‘ಕಾಂಪೋಸ್ಟಬಲ್’ ಅಂತ ಬರೆದು ಇಎನ್ 13432 ಅನ್ನುವ ಯುರೋಪಿನ ಮಾನದಂಡದ ಗುರುತು ಹಾಕಿದ್ದರೆ ಸ್ವಲ್ಪ ನಂಬಬಹುದು. ಅದರ ಪ್ರಕಾರ 12 ವಾರಗಳಲ್ಲಿ ವಸ್ತುವಿನ ಶೇ. 90 ಭಾಗ 2 ಮಿ.ಮೀ. ಜರಡಿಯಲ್ಲಿ ಇಳಿಯುವಷ್ಟು ಪುಡಿಯಾಗಬೇಕು. ಆದರೆ ಅದು 58 ಡಿಗ್ರಿ ಆಸುಪಾಸಿನ ಬಿಸಿ ಇರುವ ದೊಡ್ಡ ಗೊಬ್ಬರ ಘಟಕದ ಮಾತು. ಮನೆಯ ಗೊಬ್ಬರದ ಡ್ರಮ್ಮಿನಲ್ಲಿ ಅಷ್ಟು ಬಿಸಿ ವಾರಗಟ್ಟಲೆ ನಿಲ್ಲುವುದಿಲ್ಲ. ಅಂಥ ಘಟಕ ನಿಮಗೆ ಹತ್ತಿರದಲ್ಲಿ ಇಲ್ಲದಿದ್ದರೆ ‘ಕಾಂಪೋಸ್ಟಬಲ್’ ಅಂತ ಬರೆದ ಲೋಟವೂ ಮಾಮೂಲಿ ಕಸವೇ.

ಹೆಜ್ಜೆ 5: ರಟ್ಟಿನ ಪೆಟ್ಟಿಗೆಗೆ ಎರಡನೇ ಜನ್ಮ ಕೊಡಿ

ನನಗೆ ಇಷ್ಟವಾದ ಹೆಜ್ಜೆ ಇದು, ಸ್ವಲ್ಪ ಉದ್ದ ಆಗುತ್ತದೆ.

ಪೆಟ್ಟಿಗೆ ಬಿಚ್ಚುವಾಗಲೇ ಮುಂದಿನ ಬಳಕೆ ನಿರ್ಧಾರ ಆಗಿಬಿಡುತ್ತದೆ. ಆತುರದಲ್ಲಿ ಹರಿದರೆ ಅಲ್ಲಿಗೆ ಅದರ ಕಥೆ ಮುಗಿಯಿತು. ಚಾಕುವಿನ ತುದಿಯನ್ನು ಟೇಪಿನ ಮೇಲೆ ಮಾತ್ರ, ಎರಡು ಮುಚ್ಚಳ ಸೇರುವ ಸಂದಿನ ಉದ್ದಕ್ಕೆ ಓಡಿಸಿ. ತಳದ ಟೇಪನ್ನೂ ಕೊಯ್ದು, ಮಡಚಿ ಚಪ್ಪಟೆ ಮಾಡಿ, ಒಣ ಜಾಗದಲ್ಲಿ ನಿಲ್ಲಿಸಿಡಿ. ಬೀರುವಿನ ಹಿಂದೆ ಹತ್ತು ಪೆಟ್ಟಿಗೆ ಒಂದು ಗೇಣು ಜಾಗದಲ್ಲಿ ಕೂರುತ್ತವೆ. ಬೇರೆ ಬೇರೆ ಅಳತೆಯ ಹತ್ತು ಸಾಕು, ನೂರು ಕೂಡಿಡಬೇಡಿ, ಅದು ಇನ್ನೊಂದು ಕಾಯಿಲೆ.

ಈಗ ಯಾರಿಗಾದರೂ ಏನಾದರೂ ಕಳಿಸಬೇಕು, ಪೆಟ್ಟಿಗೆ ದೊಡ್ಡದಾಯಿತು ಅಂತಿಟ್ಟುಕೊಳ್ಳಿ. ಖಾಲಿ ಜಾಗಕ್ಕೆ ಏನೇನೋ ತುಂಬುವುದಕ್ಕಿಂತ ಪೆಟ್ಟಿಗೆಯನ್ನೇ ಗಿಡ್ಡ ಮಾಡಿ. ಸಾಮಾನು ಒಳಗಿಟ್ಟು ಅದರ ಎತ್ತರಕ್ಕಿಂತ ಎರಡು ಬೆರಳು ಮೇಲೆ ನಾಲ್ಕೂ ಮೂಲೆಗಳಲ್ಲಿ ಪೆನ್ಸಿಲ್ ಗುರುತು ಹಾಕಿ. ಸಾಮಾನು ಹೊರತೆಗೆಯಿರಿ. ನಾಲ್ಕು ಮೂಲೆಗಳನ್ನು ಮೇಲಿನಿಂದ ಆ ಗುರುತಿನ ತನಕ ನೇರ ಕತ್ತರಿಸಿ. ಆಮೇಲೆ ಗುರುತಿನಿಂದ ಗುರುತಿಗೆ ಸ್ಕೇಲ್ ಇಟ್ಟು, ಚಮಚದ ಹಿಡಿಯಿಂದ ಒತ್ತಿ ಗೆರೆ ಎಳೆಯಿರಿ. ಚಾಕು ಬೇಡ, ಒತ್ತಿದ ಗುರುತು ಸಾಕು. ಆ ಗೆರೆಯ ಮೇಲೆ ಒಳಕ್ಕೆ ಮಡಚಿದರೆ ಹೊಸ ಮುಚ್ಚಳ ಸಿದ್ಧ. ಮುಚ್ಚಳ ಉದ್ದವಾಗಿ ಒಂದರ ಮೇಲೊಂದು ಕೂರುತ್ತದೆ. ಕೂರಲಿ, ಮೇಲ್ಭಾಗ ಎರಡು ಪದರವಾಗಿ ಗಟ್ಟಿಯಾಗುತ್ತದೆ.

ಒಂದು ವಿಷಯ ಗಮನಿಸಿ. ರಟ್ಟಿನ ಎರಡು ಪದರದ ನಡುವೆ ಅಲೆ ಅಲೆಯ ಕಾಗದ ಇದೆಯಲ್ಲ, ಆ ಅಲೆಗಳು ನಿಂತ ಕಂಬಗಳ ಹಾಗೆ ಮೇಲಿನಿಂದ ಕೆಳಕ್ಕೆ ಇರಬೇಕು. ಆಗಲೇ ಮೇಲೆ ಭಾರ ಇಟ್ಟರೂ ಪೆಟ್ಟಿಗೆ ತಡೆಯುತ್ತದೆ. ಒಮ್ಮೆ ಒದ್ದೆಯಾಗಿ ಒಣಗಿದ ಪೆಟ್ಟಿಗೆ ನೋಡಲು ಚೆನ್ನಾಗಿದ್ದರೂ ಭಾರಕ್ಕೆ ನಂಬಬೇಡಿ.

ಒಳಗೆ ತುಂಬಲು ಹೊಸ ಬಬಲ್ ರ್ಯಾಪ್ ಕೊಳ್ಳಬೇಕಾಗಿಲ್ಲ. (1957ರಲ್ಲಿ ಇಬ್ಬರು ಅದನ್ನು ಗೋಡೆಗೆ ಅಂಟಿಸುವ ಅಲಂಕಾರದ ಹಾಳೆ ಅಂತ ಮಾಡಲು ಹೋಗಿದ್ದರಂತೆ. ಅಂಥ ಗೋಡೆಯ ಮುಂದೆ ಮಕ್ಕಳನ್ನು ಬಿಟ್ಟರೆ ಏನಾಗುತ್ತಿತ್ತೋ!) ಹಳೆಯ ಪೇಪರನ್ನು ಸಡಿಲವಾಗಿ ಉಂಡೆ ಮಾಡಿ ತುರುಕಿ. ಬಿಗಿಯಾಗಿ ಕಟ್ಟಿದ ಉಂಡೆ ಕಲ್ಲಿನ ಹಾಗೆ, ಪೆಟ್ಟು ತಡೆಯುವುದಿಲ್ಲ. ಮುಚ್ಚಿದ ಮೇಲೆ ಪೆಟ್ಟಿಗೆಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ. ಒಳಗೆ ಏನಾದರೂ ಓಡಾಡಿದ ಸದ್ದು ಬಂದರೆ ಇನ್ನೆರಡು ಉಂಡೆ ಹಾಕಿ. ದಾರಿಯಲ್ಲಿ ಒಡೆದ ವಸ್ತುವನ್ನು ಮತ್ತೆ ಕಳಿಸುವುದೆಂದರೆ ವಸ್ತು, ಪ್ಯಾಕಿಂಗ್, ಸಾಗಣೆ ಮೂರೂ ಎರಡೆರಡು ಸಲ. ಟೇಪು ಕೊಳ್ಳುವುದಾದರೆ ನೀರು ಸವರಿ ಅಂಟಿಸುವ ಕಾಗದದ ಟೇಪು ನೋಡಿ, ಅದರ ಗೋಂದು ಪಿಷ್ಟದ್ದು. ರಟ್ಟಿನ ಜೊತೆಗೇ ಅರೆದು ಹೋಗುತ್ತದೆ.

ಹೆಜ್ಜೆ 6: ರದ್ದಿಗೆ ಹಾಕುವಾಗ ಮೂರು ಪರೀಕ್ಷೆ

ಉಪಕರಣ ಏನೂ ಬೇಡ, ಕೈ ಸಾಕು.

ಹರಿದು ನೋಡಿ. ಅಂಚಿನಲ್ಲಿ ಬರೀ ನಾರು ನಾರಾಗಿ ಕಂಡರೆ ಕಾಗದ. ಹರಿಯುವಾಗ ತೆಳು ಪೊರೆ ಎಳೆದುಕೊಂಡು ಬಂದರೆ ಒಳಗೆ ಪ್ಲಾಸ್ಟಿಕ್ ಇದೆ. ಹಾಲು, ಹಣ್ಣಿನ ರಸ ಬರುವ, ಫ್ರಿಜ್ಜಿನ ಹೊರಗೆ ತಿಂಗಳುಗಟ್ಟಲೆ ಕೆಡದ ಡಬ್ಬಗಳು ಹೆಚ್ಚುಕಡಿಮೆ ಶೇ. 75 ರಟ್ಟು, 20 ಪ್ಲಾಸ್ಟಿಕ್, 5 ಅಲ್ಯೂಮಿನಿಯಂ. ಅವುಗಳಿಗೆ ಪ್ರತ್ಯೇಕ ಘಟಕವೇ ಬೇಕು.

ಮುಷ್ಟಿಯಲ್ಲಿ ಮುದುಡಿ. ಉಡುಗೊರೆ ಸುತ್ತುವ ಹಾಳೆಗೆ ಇದು ಸರಿಯಾದ ಪರೀಕ್ಷೆ. ಮುದುಡಿದ್ದು ಮುದುಡಿದ ಹಾಗೇ ಕೂತರೆ ಕಾಗದ, ಬಿಟ್ಟ ಕೂಡಲೇ ಅರಳಿಕೊಂಡರೆ ಪ್ಲಾಸ್ಟಿಕ್.

ಉಗುರಿನಿಂದ ಗೀರಿ. ಬಿಲ್ಲಿನ ಮೇಲೆ ಗೀರಿದಾಗ ಕಪ್ಪು ಗೆರೆ ಮೂಡಿದರೆ ಅದು ಥರ್ಮಲ್ ಕಾಗದ. ಉಗುರಿನ ಉಜ್ಜಾಟದ ಬಿಸಿಗೇ ಬಣ್ಣ ಏಳುತ್ತದೆ. ಅದರ ಲೇಪನದಲ್ಲಿ ದೇಹಕ್ಕೆ ಒಳ್ಳೆಯದಲ್ಲದ ಬಿಸ್ಫಿನಾಲ್ ಜಾತಿಯ ರಾಸಾಯನಿಕ ಇರುವುದು ಸಾಮಾನ್ಯ. ಅದರಲ್ಲಿ ಬಿಪಿಎ ಅನ್ನುವುದನ್ನು ಯುರೋಪಿನಲ್ಲಿ 2020ರಿಂದ ಇಂಥ ಕಾಗದದಲ್ಲಿ ಬಿಗಿಯಾಗಿ ಮಿತಿಗೊಳಿಸಿದ್ದಾರೆ. ರದ್ದಿಯ ಜೊತೆ ಹಾಕಿದರೆ ಅದು ಮುಂದಿನ ಕಾಗದಕ್ಕೂ ಸೇರುತ್ತದೆ, ಅದಕ್ಕೇ ಈ ಬಿಲ್ಲುಗಳನ್ನು ಮಾಮೂಲಿ ಕಸಕ್ಕೆ ಹಾಕಿ. ಇನ್ನೂ ಒಳ್ಳೆಯದೆಂದರೆ ‘ಬಿಲ್ ಪ್ರಿಂಟ್ ಬೇಡ, ಮೊಬೈಲಿಗೆ ಕಳಿಸಿ’ ಅನ್ನಿ.

ಸ್ಟೇಪ್ಲರ್ ಪಿನ್ನು, ಲಕೋಟೆಯ ಪಾರದರ್ಶಕ ಕಿಟಕಿ ಇವುಗಳ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ತಿರುಳು ಸೋಸುವಾಗ ಅವು ಬೇರೆಯಾಗುತ್ತವೆ. ತಲೆ ಕೆಡಿಸಿಕೊಳ್ಳಬೇಕಾದದ್ದು ಎಣ್ಣೆ ಮತ್ತು ಒದ್ದೆ. ಎಣ್ಣೆ ಹೀರಿದ ರಟ್ಟನ್ನು ತಿರುಳು ಮಾಡಿದರೆ ಎಣ್ಣೆ ನಾರಿಗೇ ಅಂಟಿಕೊಳ್ಳುತ್ತದೆ. ಎರಡು ವಾರ ಜೋಪಾನವಾಗಿ ಕೂಡಿಟ್ಟ ರಟ್ಟಿನ ಕಟ್ಟಿನ ಮೇಲೆ ಒಮ್ಮೆ ಅರ್ಧ ಬಾಟಲಿ ಅಡುಗೆ ಎಣ್ಣೆ ಚೆಲ್ಲಿದೆ ನಾನು. ಇಡೀ ಕಟ್ಟು ವಾಪಸ್ ಬಂತು. ಒಂದು ಪೆಟ್ಟಿಗೆಯ ಒಂದೇ ಮಗ್ಗುಲಿಗೆ ಎಣ್ಣೆ ಹತ್ತಿದ್ದರೆ ಅಷ್ಟನ್ನು ಹರಿದು ತೆಗೆದು ಉಳಿದದ್ದು ಹಾಕಿ. ಕಾಗದವನ್ನು ಚೂರು ಚೂರು ಮಾಡುವ ಯಂತ್ರ ಇದ್ದರೆ ಗುಟ್ಟಿನ ದಾಖಲೆಗಳಿಗೆ ಮಾತ್ರ ಬಳಸಿ. ಚೂರುಗಳು ಬೇರ್ಪಡಿಸುವ ಜರಡಿಯಲ್ಲಿ ಉದುರಿಹೋಗುತ್ತವೆ, ನಾರೂ ತುಂಡಾಗುತ್ತದೆ.

ನಾರಿನ ಉದ್ದವೇ ಇಲ್ಲಿ ಬಂಡವಾಳ. ಪ್ರತಿ ಸಲ ಅರೆದಾಗ ಅದು ಗಿಡ್ಡವಾಗುತ್ತಾ ಹೋಗಿ, ಸುಮಾರು ಐದರಿಂದ ಏಳು ಸುತ್ತಿನ ಹೊತ್ತಿಗೆ ಕಾಗದವಾಗಿ ಹಿಡಿದುಕೊಳ್ಳುವ ಶಕ್ತಿ ಕಳೆದುಕೊಳ್ಳುತ್ತದೆ. ಬಿಳಿ ಹಾಳೆ ರಟ್ಟಾಗುತ್ತದೆ, ರಟ್ಟು ಮೊಟ್ಟೆಯ ಟ್ರೇ ಆಗುತ್ತದೆ. ಟ್ರೇ ಮತ್ತೆ ಬಿಳಿ ಹಾಳೆ ಆಗುವುದಿಲ್ಲ. ‘ರದ್ದಿಗೆ ಹಾಕುತ್ತೇನಲ್ಲ’ ಅಂತ ಧಾರಾಳವಾಗಿ ಬಳಸುವವರಿಗೆ ಈ ಮಾತು.

ಹೆಜ್ಜೆ 7: ಉಳಿದ ಕಂದು ರಟ್ಟು ಗೊಬ್ಬರಕ್ಕೆ

ಅಡುಗೆಮನೆ ಕಸದ ಗೊಬ್ಬರ ನಾರುತ್ತಿದೆ ಅಂದರೆ ಒಣ ಪದಾರ್ಥ ಕಡಿಮೆಯಾಗಿದೆ ಅಂತ ಅರ್ಥ. ಟೇಪು, ಲೇಬಲ್ ಕಿತ್ತು, ರಟ್ಟನ್ನು ಅಂಗೈ ಅಗಲಕ್ಕಿಂತ ಚಿಕ್ಕದಾಗಿ ಹರಿದು, ಸ್ವಲ್ಪ ನೀರು ಚಿಮುಕಿಸಿ, ಒಂದು ಪಾತ್ರೆ ಹಸಿ ಕಸಕ್ಕೆ ಎರಡು ಪಾತ್ರೆಯಂತೆ ಬೆರೆಸಿ. ಹೊಳಪು ಹಾಳೆ ಬೇಡ. ಎಣ್ಣೆ ಹೀರದ, ಊಟ ಕಟ್ಟುವ ಕಾಗದವೂ ಬೇಡ. ಅದರ ಮೇಲೆ ಒಂದು ಹನಿ ಎಣ್ಣೆ ಬಿಟ್ಟು ನೋಡಿ. ಹನಿ ಹರಡದೆ ಮುತ್ತಿನ ಹಾಗೆ ಕೂತರೆ ಏನೋ ಲೇಪನ ಇದೆ, ಅದು ಮಣ್ಣಿನಲ್ಲಿ ಕರಗದ ಫ್ಲೋರಿನ್ ರಾಸಾಯನಿಕವೂ ಆಗಿರಬಹುದು. ಊಟ ಕಟ್ಟುವ ಕಾಗದದಲ್ಲಿ ಅವನ್ನು ಬಳಸುವುದನ್ನು ಡೆನ್ಮಾರ್ಕ್ 2020ರಲ್ಲೇ ನಿಷೇಧಿಸಿತು.

ಎರಡು ತಿಂಗಳು ಬಿಟ್ಟು ಆ ಮೂಲೆಯ ಪೆಟ್ಟಿಗೆಯನ್ನು ಮತ್ತೆ ಒಂದು ವಾರ ಇಡಿ. ಎರಡನೇ ಸಲ ನನ್ನದು ಅರ್ಧಕ್ಕೆ ನಿಂತಿತು. ಮಾತ್ರೆಯ ಪಟ್ಟಿಗಳು ಅಷ್ಟೇ ಇದ್ದವು, ಅದಕ್ಕೆ ಏನು ಮಾಡಬೇಕೋ ಇನ್ನೂ ಹೊಳೆದಿಲ್ಲ. ಕಾಗದದ ಲೋಟ ಎರಡೇ ಸಿಕ್ಕವು, ಅದರಲ್ಲಿ ಒಂದು ಮನೆಗೆ ಬಂದವರಿಗೆ ತೋರಿಸಲು ನಾನೇ ರಾತ್ರಿಯಿಡೀ ನೆನೆಹಾಕಿ ಪೊರೆ ಸುಲಿದದ್ದು.